ಗಣಕಯಂತ್ರದಲ್ಲಿ ಅಚ್ಚುಕೂಟದ ಪರಿಭಾಷೆ

ಒಂದು ವಿದ್ಯೆಯು ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ದಾಟುವಾಗ ಅದರ ಉಪಕರಣಗಳು ಬದಲಾಗುವುದು ಸಹಜ; ಅದರ ಮಾತುಗಳು ಮಾತ್ರ ಬಹುಕಾಲ ಉಳಿದುಕೊಳ್ಳುತ್ತವೆ. ಎತ್ತಿನ ಗಾಡಿ ಹೋಗಿ ಮೋಟಾರು ಬಂದರೂ ಅದನ್ನು ಗಾಡಿಯೆಂದೇ ಕರೆಯುತ್ತೇವೆ. ಅದರಿಂದ ಯಾರಿಗೂ ಕೇಡಿಲ್ಲ. ಆದರೆ ಹಳೆಯ ಹೆಸರನ್ನು ಉಳಿಸಿಕೊಂಡು ಅದರ ಅರ್ಥವನ್ನು ಸದ್ದಿಲ್ಲದೆ ಬದಲಾಯಿಸಿ, ಹೊಸ ಅರ್ಥವೇ ಎಂದೆಂದಿಗೂ ಇದ್ದದ್ದೆಂಬಂತೆ ನಡೆಸುವುದು ಬೇರೆಯ ಸಂಗತಿ. ಇಂದು ಮನೆಮನೆಗಳಲ್ಲಿಯೂ ಕಛೇರಿಗಳಲ್ಲಿಯೂ ಬರವಣಿಗೆಗೆ ಬಳಕೆಯಾಗುತ್ತಿರುವ ಗಣಕಯಂತ್ರದ ತಂತ್ರಾಂಶಗಳಲ್ಲಿ ಅಚ್ಚುಕೂಟದ ಪರಿಭಾಷೆಗೆ ಒದಗಿರುವುದು ಈ ಎರಡನೆಯ ಗತಿ. ಇದರಿಂದ ಇಂಗ್ಲಿಷ್ ಬರೆಯುವವರಿಗೆ ಆಗಿರುವುದು ಸ್ವಲ್ಪ ಗೊಂದಲ. ಕನ್ನಡ ಬರೆಯುವವರಿಗೆ ಆಗಿರುವುದು ನಷ್ಟ. ಆ ನಷ್ಟವು ಎಂಥದು, ಅದಕ್ಕೆ ಮಾತಿನ ಅವ್ಯವಸ್ಥೆ ಹೇಗೆ ಕಾರಣವಾಯಿತು, ಅದನ್ನು ಸರಿಪಡಿಸಲು ನಮ್ಮ ಕೈಯಲ್ಲಿ ಆಗತಕ್ಕದ್ದೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

೧

ಸೀಸದ ಮೊಳೆಗಳನ್ನು ಕೈಯಿಂದ ಜೋಡಿಸಿ ಪುಸ್ತಕಗಳನ್ನು ಅಚ್ಚುಮಾಡುತ್ತಿದ್ದ ಕಾಲದಲ್ಲಿ ಅಚ್ಚುಕೂಟದ ಒಂದೊಂದು ಮಾತಿಗೂ ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತುವಿರುತ್ತಿತ್ತು. ಫಾಂಟ್ ಎಂಬ ಮಾತನ್ನೇ ನೋಡೋಣ. ಕರಗಿಸು, ಎರಕ ಹೊಯ್ಯು ಎಂಬ ಅರ್ಥದ ಫ್ರೆಂಚ್ ಧಾತುವಿನಿಂದ ಅದು ಬಂದದ್ದು. ಒಂದೇ ಅಳತೆಯ, ಒಂದೇ ದಪ್ಪದ, ಒಂದೇ ಆಕಾರದ ಮೊಳೆಗಳ ಪೂರ್ಣವಾದ ಸಮೂಹಕ್ಕೆ ಆ ಹೆಸರು. ಹನ್ನೆರಡು ಪಾಯಿಂಟಿನ ಮೊಳೆಗಳದು ಒಂದು ಫಾಂಟ್. ಅದೇ ವಿನ್ಯಾಸದ ಹತ್ತು ಪಾಯಿಂಟಿನದು ಇನ್ನೊಂದು. ಅದರ ದಪ್ಪಕ್ಷರದ್ದು ಮತ್ತೊಂದು. ಇವೆಲ್ಲಕ್ಕೂ ಸಾಮಾನ್ಯವಾಗಿದ್ದ ಆಕಾರಕ್ಕೆ ಟೈಪ್‌ಫೇಸ್, ಎಂದರೆ ಅಕ್ಷರದ ಮುಖ, ಎಂದು ಬೇರೆಯೇ ಹೆಸರಿತ್ತು. ೧೯೮೪ರಲ್ಲಿ ಮ್ಯಾಕಿಂಟಾಷ್ ಯಂತ್ರವು ಬಂದಾಗ ಅದರ ಪರದೆಯ ಮೇಲಿನ ಪಟ್ಟಿಯಲ್ಲಿ ಈ ಮುಖಕ್ಕೇ ಫಾಂಟ್ ಎಂಬ ಹೆಸರನ್ನು ಕೊಟ್ಟು, ಅಳತೆಯನ್ನೂ ದಪ್ಪವನ್ನೂ ಬೇರೆಡೆಗೆ ಸರಿಸಿದರು. ಆ ಬಳಿಕ ಬಂದ ತಂತ್ರಾಂಶಗಳು ಬಹುಮಟ್ಟಿಗೆ ಅದೇ ದಾರಿಯನ್ನು ಹಿಡಿದವು.

ಸಾಲುಗಳ ನಡುವೆ ಇಡುತ್ತಿದ್ದ ತೆಳುವಾದ ಸೀಸದ ಪಟ್ಟಿಗೆ ಲೆಡ್ ಎಂದು ಹೆಸರು. ಅದನ್ನು ಇಡುವ ಕ್ರಿಯೆ ಲೆಡಿಂಗ್. ಹತ್ತು ಪಾಯಿಂಟಿನ ಮೊಳೆಗಳ ಸಾಲುಗಳ ನಡುವೆ ಎರಡು ಪಾಯಿಂಟಿನ ಪಟ್ಟಿಯನ್ನಿಟ್ಟರೆ ಲೆಡಿಂಗ್ ಎರಡು. ಇಂದು ಪುಟವಿನ್ಯಾಸಕ್ಕೆ ಬಳಸುವ ಇನ್‌ಡಿಸೈನ್ ತಂತ್ರಾಂಶದಲ್ಲಿ ಅದೇ ಪುಟವನ್ನು ಅದೇ ಅಂತರದಲ್ಲಿ ಸಿದ್ಧಪಡಿಸಬೇಕಾದರೆ ಲೆಡಿಂಗ್ ಎಂಬ ಕಡೆ ಹನ್ನೆರಡು ಎಂದು ತುಂಬಬೇಕು. ಏಕೆಂದರೆ ಅಲ್ಲಿ ಆ ಮಾತಿಗೆ ಒಂದು ಸಾಲಿನ ಪಾದರೇಖೆಯಿಂದ ಮುಂದಿನ ಸಾಲಿನ ಪಾದರೇಖೆಯವರೆಗಿನ ಒಟ್ಟು ದೂರವೆಂದು ಅರ್ಥ. ಮಾತು ಒಂದೇ; ಅಚ್ಚುಕೂಟದಲ್ಲಿ ಎರಡು, ಯಂತ್ರದಲ್ಲಿ ಹನ್ನೆರಡು! ವರ್ಡ್ ತಂತ್ರಾಂಶದಲ್ಲಿಯಾದರೋ ಆ ಮಾತೇ ಇಲ್ಲ. ಅಲ್ಲಿರುವುದು ಒಂದು, ಒಂದೂವರೆ, ಎರಡು ಎಂಬ ಬೆರಳಚ್ಚು ಯಂತ್ರದ ಲೆಕ್ಕ. ಆ ‘ಒಂದು’ ಎಂದರೆ ಎಷ್ಟು? ಅಕ್ಷರದ ಅಳತೆಯೊಂದೇ ಅದನ್ನು ನಿರ್ಧರಿಸುವುದಿಲ್ಲ. ಆಯಾ ಫಾಂಟಿನ ಕಡತದೊಳಗೆ ಅದರ ಕರ್ತೃವು ಬರೆದಿಟ್ಟಿರುವ ಎತ್ತರದ ಸಂಖ್ಯೆಗಳೂ ಸೇರಿ ನಿರ್ಧರಿಸುತ್ತವೆ. ಆದುದರಿಂದ ಒಬ್ಬರ ಒಂದೂವರೆ ಇನ್ನೊಬ್ಬರ ಒಂದೂವರೆಗೆ ಸಮನಾಗಬೇಕೆಂಬ ನಿಯಮವಿಲ್ಲ.

ಪಾಯಿಂಟ್ ಎಂಬ ಅಳತೆಯ ಪಾಡೂ ಇಂಥದೇ. ಯೂರೋಪಿನ ದಿದೋ ಪಾಯಿಂಟ್ ಸುಮಾರು ೦.೩೭೬ ಮಿಲಿಮೀಟರ್, ೧೮೮೬ರಲ್ಲಿ ಅಮೆರಿಕದ ಮೊಳೆ ಎರಕದವರು ಒಪ್ಪಿದ ಪಾಯಿಂಟ್ ಸುಮಾರು ೦.೩೫೧ ಮಿಲಿಮೀಟರ್, ೧೯೮೦ರ ದಶಕದಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣಭಾಷೆಯೊಡನೆ ರೂಢವಾದ ಗಣಕದ ಪಾಯಿಂಟ್ ಅಂಗುಲದ ೭೨ರಲ್ಲಿ ಒಂದು ಪಾಲು, ಎಂದರೆ ಸುಮಾರು ೦.೩೫೩ ಮಿಲಿಮೀಟರ್. ಈ ಭೇದ ಕೂದಲೆಳೆಯಷ್ಟೆಂದು ಬಿಟ್ಟರೂ ಬಿಡಬಹುದು. ಬಿಡಲಾಗದ್ದು ಇನ್ನೊಂದುಂಟು. ಹನ್ನೆರಡು ಪಾಯಿಂಟ್ ಎಂಬುದು ಅಕ್ಷರದ ಎತ್ತರವಲ್ಲ. ಅಕ್ಷರವನ್ನು ಹೊತ್ತ ಮೊಳೆಯ ಮೈಯ ಎತ್ತರ. ಮೊಳೆ ಕಣ್ಣೆದುರಿಗಿದ್ದಾಗ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಮೊಳೆ ಇಲ್ಲ, ಮೈ ಇಲ್ಲ. ಅದರ ಅಳತೆ ಮಾತ್ರ ಉಳಿದಿದೆ. ಕಾಣದ ಆ ಚೌಕದೊಳಗೆ ಅಕ್ಷರವನ್ನು ಎಷ್ಟು ದೊಡ್ಡದಾಗಿ ಬರೆಯಬೇಕೆಂಬುದು ವಿನ್ಯಾಸಕಾರನ ಇಚ್ಛೆ. ಹೀಗಿರಲು ‘ಪ್ರಬಂಧವು ೧೪ರ ಅಳತೆಯಲ್ಲಿ, ಒಂದೂವರೆ ಅಂತರದಲ್ಲಿ, ಹತ್ತು ಪುಟಗಳಿಗೆ ಮೀರದಂತೆ ಇರತಕ್ಕದ್ದು’ ಎಂದು ಸ್ಪರ್ಧೆಗಳಿಗೆ ನಿಯಮ ಮಾಡುವವರು, ಅಕ್ಷರದ ಮುಖ ಯಾವುದೆಂದು ಹೇಳದಿದ್ದರೆ, ಬಳ್ಳದ ಗಾತ್ರವನ್ನು ಹೇಳದೆ ಹತ್ತು ಬಳ್ಳ ಅಕ್ಕಿ ಅಳೆಯಿರಿ ಎಂದಂತಾಯಿತು.

ಇನ್ನುಳಿದವನ್ನು ಬೇಗ ಮುಗಿಸೋಣ. ಗಟರ್ ಎಂದರೆ ತೆರೆದ ಪುಸ್ತಕದಲ್ಲಿ ಎದುರುಬದುರಾದ ಎರಡು ಪುಟಗಳ ನಡುವಣ ಎಡೆ. ವರ್ಡ್‌ನಲ್ಲಿ ಅದು ಹೊಲಿಗೆಗೋಸ್ಕರ ಬಿಡುವ ಹೆಚ್ಚಿನ ಅಂಚು. ಇನ್‌ಡಿಸೈನ್‌ನಲ್ಲಿ ಎರಡು ಅಂಕಣಗಳ ನಡುವಣ ಜಾಗಕ್ಕೂ ಅದೇ ಹೆಸರು. ಕರ್ನ್ ಎಂದರೆ ಮೊಳೆಯ ಮೈಯನ್ನು ಮೀರಿ ಪಕ್ಕದ ಮೊಳೆಯ ಮೇಲೆ ಚಾಚಿಕೊಳ್ಳುವ ಅಕ್ಷರದ ಭಾಗ. ಈಗ ಅದು ಎರಡು ಅಕ್ಷರಗಳ ನಡುವಣ ಎಡೆಯನ್ನು ತಿದ್ದುವ ಕ್ರಿಯೆ. ಜಸ್ಟಿಫೈ ಎಂದರೆ ಸಾಲು ಅಲುಗದಂತೆ ಎಡೆಮೊಳೆಗಳನ್ನು ತುಂಬಿ ಅದನ್ನು ನಿಗದಿಯಾದ ಅಗಲಕ್ಕೆ ಬಿಗಿಮಾಡುವುದು. ಬಲಗಡೆ ಏರುಪೇರಾದ ಪದ್ಯದ ಸಾಲಿಗೂ ಅದು ಆಗಲೇಬೇಕಾಗಿತ್ತು; ಇಲ್ಲವಾದರೆ ಮೊಳೆಗಳು ಉದುರಿಹೋಗುತ್ತಿದ್ದವು. ಈಗಲಾದರೋ ಎರಡು ಅಂಚುಗಳೂ ಸಮನಾಗಿ ಕಾಣುವುದಷ್ಟಕ್ಕೇ ಆ ಹೆಸರು.

೨

ಇವೆಲ್ಲ ಪರರ ಮನೆಯ ವ್ಯವಹಾರ, ನಮಗೇನು ಎಂದು ವಾಚಕರು ಕೇಳಬಹುದು. ನಮ್ಮ ಮನೆಗೆ ಅದು ಬಂದು ನಿಂತ ಬಗೆಯನ್ನು ಈಗ ನೋಡೋಣ.

ಕೇಸ್ ಎಂದರೆ ಮೊಳೆಗಳನ್ನು ವಿಂಗಡಿಸಿಡುವ ಖಾನೆಗಳ ಪೆಟ್ಟಿಗೆ. ಇಂಗ್ಲಿಷಿನ ದೊಡ್ಡಕ್ಷರಗಳು ಮೇಲಿನ ಪೆಟ್ಟಿಗೆಯಲ್ಲಿಯೂ ಚಿಕ್ಕಕ್ಷರಗಳು ಕೆಳಗಿನ ಪೆಟ್ಟಿಗೆಯಲ್ಲಿಯೂ ಇರುತ್ತಿದ್ದುದರಿಂದ ಅಪ್ಪರ್ ಕೇಸ್, ಲೋಯರ್ ಕೇಸ್ ಎಂಬ ಮಾತುಗಳು ಹುಟ್ಟಿದವು. ಕನ್ನಡದಲ್ಲಿ ಈ ಭೇದವೇ ಇಲ್ಲ. ಆದರೂ ‘ಕ್ಯಾಪಿಟಲ್ ಕೆ ಒತ್ತಿದರೆ ಖ ಬರುತ್ತದೆ’ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಅಲ್ಪಪ್ರಾಣದ ಕೀಲಿಯ ಮೇಲೆಯೇ ಅದರ ಮಹಾಪ್ರಾಣವನ್ನೂ ಇರಿಸಿದ್ದು ನಮ್ಮ ವರ್ಣಮಾಲೆಯ ಕ್ರಮವನ್ನು ಬಲ್ಲವರ ಜಾಣ್ಮೆ. ಅದನ್ನು ‘ಕ್ಯಾಪಿಟಲ್’ ಎಂದು ಕರೆದಾಗ ಆ ಜಾಣ್ಮೆ ಮರೆಯಾಗಿ, ಖಕಾರವು ಕಕಾರದ ದೊಡ್ಡಣ್ಣನೆಂಬ ಹುಸಿ ತಿಳಿವಳಿಕೆ ಮಕ್ಕಳ ಮನಸ್ಸಿನಲ್ಲಿ ಬೇರೂರುತ್ತದೆ. ‘ಮಹಾಪ್ರಾಣಕ್ಕೆ ಶಿಫ್ಟ್ ಒತ್ತಿ’ ಎಂದರೆ ಏನು ತೊಂದರೆ?

ಇಟಾಲಿಕ್ ಎಂಬುದು ೧೫೦೧ರಲ್ಲಿ ವೆನಿಸ್ ನಗರದ ಆಲ್ಡಸ್ ಮನುಶಿಯಸ್ ಎಂಬ ಮುದ್ರಕನ ಪುಸ್ತಕಗಳಲ್ಲಿ ಬಳಕೆಗೆ ಬಂದ, ಅಲ್ಲಿಯ ಕೈಬರಹವನ್ನು ಅನುಸರಿಸಿದ, ಸ್ವತಂತ್ರವಾದ ಅಕ್ಷರಜಾತಿ. ಕನ್ನಡದ ಅಕ್ಷರಕ್ಕೆ ಅಂಥ ಜೊತೆಯ ಜಾತಿ ಇರಲಿಲ್ಲ. ತಂತ್ರಾಂಶದಲ್ಲಿ ಆ ಗುಂಡಿಯನ್ನು ಒತ್ತಿದರೆ, ಫಾಂಟಿನಲ್ಲಿ ಅದಕ್ಕೆ ತಕ್ಕ ರೂಪವಿಲ್ಲದಾಗ, ಯಂತ್ರವು ನೆಟ್ಟಗಿದ್ದ ಅಕ್ಷರವನ್ನೇ ಓರೆಯಾಗಿ ತಳ್ಳುತ್ತದೆ. ನಮ್ಮ ದುಂಡಾದ ಅಕ್ಷರಗಳು ಗಾಳಿಗೆ ವಾಲಿದ ಬೇಲಿಯಂತೆ ನಿಲ್ಲುತ್ತವೆ. ಒತ್ತಿ ಹೇಳಬೇಕಾದ ಮಾತಿಗೆ ದಪ್ಪಕ್ಷರವೋ ಉದ್ಧರಣ ಚಿಹ್ನೆಯೋ ನಮ್ಮಲ್ಲಿ ಮೊದಲೇ ಇದೆಯೆಂಬುದನ್ನು ಆ ಗುಂಡಿಯು ಮರೆಸಿಬಿಟ್ಟಿದೆ.

ಸಾಲಿನ ಅಂತರದ ಮಾತು ಇನ್ನೂ ಕಷ್ಟದ್ದು. ಕನ್ನಡದ ಅಕ್ಷರವು ಪಾದರೇಖೆಯ ಕೆಳಗೆ ಒತ್ತಕ್ಷರಗಳನ್ನು ಹೊರುತ್ತದೆ. ‘ರಾಷ್ಟ್ರ’ ಎಂಬಲ್ಲಿ ಟಕಾರ ರಕಾರಗಳೆರಡೂ ಕೆಳಗೆ ಇಳಿಯಬೇಕು. ವರ್ಡ್‌ನಲ್ಲಿ ‘ಎಕ್ಸಾಕ್ಟ್‌ಲಿ’ ಎಂಬುದನ್ನು ಆರಿಸಿ ಇಂಗ್ಲಿಷಿಗೆ ಸಾಕಾಗುವ ಸಂಖ್ಯೆಯನ್ನು ತುಂಬಿದರೆ ಈ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. ಬರೆದವರು ಫಾಂಟ್ ಕೆಟ್ಟಿದೆಯೆಂದು ಅದನ್ನು ಬೈಯುತ್ತಾರೆ; ಕೆಟ್ಟಿರುವುದು ಸಾಲಿಗೆ ಕೊಟ್ಟ ಎಡೆ. ಕ್ಯಾರೆಕ್ಟರ್ ಎಂಬ ಇನ್ನೊಂದು ಮಾತುಂಟು. ನಮ್ಮ ಮಕ್ಕಳು ‘ಸ್ತ್ರೀ’ ಎಂಬುದನ್ನು ಒಂದೇ ಅಕ್ಷರವೆಂದು ಎಣಿಸುತ್ತಾರೆ. ಛಂದಸ್ಸೂ ಹಾಗೆಯೇ ಎಣಿಸುತ್ತದೆ. ಯಂತ್ರವು ಅದನ್ನು ಸ, ವಿರಾಮ, ತ, ವಿರಾಮ, ರ, ಈಕಾರದ ಚಿಹ್ನೆ ಎಂದು ಆರು ಎಣಿಸಬಹುದು. ಇಂತಿಷ್ಟು ಕ್ಯಾರೆಕ್ಟರುಗಳಿಗೆ ಮೀರದಂತೆ ಬರೆಯಿರಿ ಎಂಬ ನಿಯಮವನ್ನು ‘ಇಂತಿಷ್ಟು ಅಕ್ಷರಗಳು’ ಎಂದು ಕನ್ನಡಿಸಿದವರು ಕನ್ನಡದ ಲೇಖಕನಿಗೆ ಎಷ್ಟು ಕಡಮೆ ಜಾಗ ಕೊಟ್ಟಿದ್ದೇವೆಂಬುದನ್ನು ಯೋಚಿಸಿದರೆ?

ಅನುವಾದಗಳ ಕಥೆಯನ್ನೂ ಒಂದಿಷ್ಟು ಹೇಳಬೇಕು. ಕನ್ನಡಕ್ಕೆ ತಂದ ಕೆಲವು ತಂತ್ರಾಂಶಗಳಲ್ಲಿ ಫಾಂಟಿಗೆ ‘ಅಕ್ಷರಶೈಲಿ’ ಎಂಬ ಮಾತು ಬಳಕೆಯಲ್ಲಿದೆ. ಸ್ಟೈಲ್ ಎಂಬುದಕ್ಕೂ ಶೈಲಿಯೆಂದೇ ಹೇಳುವುದಾದರೆ ಫಾಂಟಿನ ಸ್ಟೈಲ್ ಎಂಬುದು ‘ಅಕ್ಷರಶೈಲಿಯ ಶೈಲಿ’ ಆಗಬೇಕಷ್ಟೆ! ಪುಟದ ತಲೆಯಲ್ಲಿಯೋ ಬುಡದಲ್ಲಿಯೋ ಕಂಡಿಕೆಯ ಒಂದೇ ಸಾಲು ಒಂಟಿಯಾಗಿ ಉಳಿಯುವುದನ್ನು ಇಂಗ್ಲಿಷಿನವರು ವಿಡೋ, ಆರ್ಫನ್ ಎನ್ನುತ್ತಾರೆ. ಅದನ್ನು ‘ವಿಧವಾ ಅನಾಥ ನಿಯಂತ್ರಣ’ ಎಂದು ಪದಕ್ಕೆ ಪದವಿಟ್ಟು ಕನ್ನಡಿಸಿದರೆ ಓದಿದವರಿಗೆ ಅದು ಯಾವುದೋ ಸರಕಾರಿ ಇಲಾಖೆಯೆಂದು ತೋರೀತು. ‘ಒಂಟಿಸಾಲು’ ಎಂದರೆ ಎಲ್ಲರಿಗೂ ತಿಳಿಯುವುದಿಲ್ಲವೆ?

೩

ಇಷ್ಟಾದರೆ ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ಫಾಂಟ್ ಎಂಬ ಒಂದು ಮಾತಿನ ಗೊಂದಲವು ಕನ್ನಡಕ್ಕೆ ಮಾಡಿರುವ ಹಾನಿ ನಗತಕ್ಕದ್ದಲ್ಲ.

ಅಕ್ಷರ ಬೇರೆ, ಅಕ್ಷರದ ಮುಖ ಬೇರೆ, ಯಂತ್ರದೊಳಗೆ ಆ ಅಕ್ಷರವನ್ನು ಗುರುತಿಸುವ ಸಂಖ್ಯೆ ಬೇರೆ. ಕಕಾರವನ್ನು ಯಾರ ಕೈಯಲ್ಲಿ ಹೇಗೆ ಬರೆದರೂ ಅದು ಕಕಾರವೇ. ಯಂತ್ರವು ಆಕಾರವನ್ನು ನೆನಪಿಡುವುದಿಲ್ಲ, ಸಂಖ್ಯೆಯನ್ನು ನೆನಪಿಡುತ್ತದೆ. ಆ ಸಂಖ್ಯೆಗೆ ಆಕಾರವನ್ನು ತೊಡಿಸುವುದು ಫಾಂಟಿನ ಕೆಲಸ. ೧೯೯೦ರ ದಶಕದಲ್ಲಿ ಕನ್ನಡವನ್ನು ಯಂತ್ರಕ್ಕೆ ತಂದವರ ಮುಂದೆ ಇದ್ದದ್ದು ೨೫೬ ಸ್ಥಾನಗಳ ಒಂದು ಕಿರಿದಾದ ಪಟ್ಟಿ. ಅದೂ ರೋಮನ್ ಅಕ್ಷರಗಳಿಗಾಗಿ ಮಾಡಿದ್ದು. ಅವರು ಕನ್ನಡದ ಅಕ್ಷರಗಳನ್ನು ಬಿಡಿಭಾಗಗಳಾಗಿ ಒಡೆದು, ಗುಣಿತದ ಚಿಹ್ನೆ, ಒತ್ತು, ಮೂಲಾಕಾರಗಳನ್ನು ಆ ಸ್ಥಾನಗಳಲ್ಲಿ ತುಂಬಿದರು. ಪರದೆಯ ಮೇಲೆ ಕನ್ನಡ ಕಾಣಿಸಿತು. ಒಳಗೆ ಯಂತ್ರವು ಬರೆದುಕೊಂಡದ್ದು ರೋಮನ್ ಅಕ್ಷರಗಳ ಸಂಖ್ಯೆಗಳನ್ನು. ಶ್ರೀಲಿಪಿ, ಬರಹ, ನುಡಿ ಮೊದಲಾದವು ಆ ಕಾಲದಲ್ಲಿ ಕನ್ನಡಕ್ಕೆ ಮಾಡಿದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಬೇರೆ ದಾರಿಯಿಲ್ಲದಾಗ ಅವರು ದಾರಿಮಾಡಿದರು. ಆದರೆ ಒಬ್ಬರ ಪಟ್ಟಿ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಫಾಂಟನ್ನು ಬದಲಾಯಿಸಿದರೆ ಇಂಗ್ಲಿಷಿನಲ್ಲಿ ಅಕ್ಷರದ ಮುಖ ಬದಲಾಗುತ್ತದೆ. ಇಲ್ಲಿ ಭಾಷೆಯೇ ಹಾರಿಹೋಗಿ ರೋಮನ್ ಲಿಪಿಯ ಅರ್ಥವಿಲ್ಲದ ಸಾಲುಗಳು ಉಳಿಯುತ್ತಿದ್ದವು.

೧೯೯೧ರಲ್ಲಿಯೇ ಯೂನಿಕೋಡ್ ಎಂಬ ಜಾಗತಿಕ ಕ್ರಮದ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಅದರದೇ ಆದ ೧೨೮ ಸ್ಥಾನಗಳನ್ನು ಮೀಸಲಿಟ್ಟಿದ್ದರು. ಸಾಮಾನ್ಯರ ಯಂತ್ರಗಳಲ್ಲಿ ಅದು ನಡೆಯುವಂತಾಗಲು ಮತ್ತೆ ಹತ್ತು ವರ್ಷ ಹಿಡಿಯಿತು. ಬರಹವೂ ನುಡಿಯೂ ಮುಂದೆ ಅದನ್ನು ಅಳವಡಿಸಿಕೊಂಡವು. ಹಾಗಿದ್ದೂ ಅನೇಕ ಅಚ್ಚುಕೂಟಗಳಲ್ಲಿಯೂ ಕಛೇರಿಗಳಲ್ಲಿಯೂ ಹಳೆಯ ಪಟ್ಟಿಗಳೇ ಏಕೆ ಉಳಿದವು? ಹಳೆಯ ಪುಟವಿನ್ಯಾಸದ ತಂತ್ರಾಂಶಗಳು ಯೂನಿಕೋಡಿನ ಒತ್ತಕ್ಷರಗಳನ್ನು ಕೂಡಿಸಲಾರದೆ ಹೋದದ್ದು ಒಂದು ಕಾರಣ. ಅದು ಯಂತ್ರದ ದೋಷ. ಎರಡನೆಯದು ನಮ್ಮ ಮಾತಿನ ದೋಷ. ಜನರು ಇದನ್ನೂ ‘ಯೂನಿಕೋಡ್ ಫಾಂಟ್’ ಎಂದು ಕರೆದರು. ಯೂನಿಕೋಡ್ ಫಾಂಟಲ್ಲ, ಅದು ಸಂಖ್ಯೆಗಳ ಕ್ರಮ. ೨೦೦೧ರ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ತುಂಗಾ ಎಂಬ ಒಂದು ಮುಖವನ್ನು ನೋಡಿ, ಅದು ಕಣ್ಣಿಗೆ ಒಗ್ಗದಿದ್ದವರು ‘ಯೂನಿಕೋಡ್ ಅಂದವಾಗಿಲ್ಲ, ನಮಗೆ ಹಳೆಯ ಫಾಂಟೇ ಇರಲಿ’ ಎಂದರು. ಅಂಗಿಯ ಬಣ್ಣ ಹಿಡಿಸಲಿಲ್ಲವೆಂದು ಮಗುವನ್ನೇ ಬೇಡವೆಂದಂತಾಯಿತು! ಮುಖಕ್ಕೆ ಒಂದು ಹೆಸರು, ಸಂಖ್ಯಾಕ್ರಮಕ್ಕೆ ಇನ್ನೊಂದು ಹೆಸರು ನಮ್ಮ ನಾಲಗೆಯಲ್ಲಿ ಇದ್ದಿದ್ದರೆ, ಮುಖವನ್ನು ಬದಲಾಯಿಸಿಕೊಂಡು ಕ್ರಮವನ್ನು ಸ್ವೀಕರಿಸುವುದು ಎಷ್ಟು ಸುಲಭವಾಗುತ್ತಿತ್ತು!

ಇದರ ಫಲವೇನು? ಹಳೆಯ ಕ್ರಮದಲ್ಲಿ ಉಳಿದ ಲೇಖನದೊಳಗೆ ಬೇಕಾದ ಪದವನ್ನು ಕನ್ನಡದಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ಪದಗಳನ್ನು ಅಕಾರಾದಿಯಾಗಿ ಜೋಡಿಸಲಾಗುವುದಿಲ್ಲ. ಕಣ್ಣಿಲ್ಲದವರಿಗೆ ಓದಿ ಹೇಳುವ ತಂತ್ರಾಂಶವು ಅದನ್ನು ರೋಮನ್ ಅಕ್ಷರಗಳ ಗೊಣಗಾಟವಾಗಿ ಓದುತ್ತದೆ. ಯೂನಿಕೋಡಿಗೆ ಮಾರ್ಪಡಿಸುವ ಸಾಧನಗಳು ಇವೆ; ಆದರೆ ಮೂಲವು ಯಾವ ಪಟ್ಟಿಯದೆಂದು ತಿಳಿಯದಿದ್ದರೆ ಅವು ನಿರುಪಯುಕ್ತ, ತಿಳಿದರೂ ಕರಡು ತಿದ್ದುವ ಶ್ರಮ ತಪ್ಪದು. ಕಿಟ್ಟೆಲ್ ಅವರ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ೧೮೯೪ರಲ್ಲಿ ಹೊರಬಂದಿತು. ಅದರ ಒಂದು ಪ್ರತಿ ಕೈಗೆ ಸಿಕ್ಕರೆ ಇಂದೂ ಯಾವ ಸಾಧನದ ನೆರವಿಲ್ಲದೆ ಓದಬಹುದು. ೧೯೯೬ರಲ್ಲಿ ಒಬ್ಬ ಲೇಖಕರು ಸಿದ್ಧಪಡಿಸಿದ ಕಡತವನ್ನು ಅವರ ಮಕ್ಕಳು ಇಂದು ತೆರೆದರೆ ಕಾಣುವುದು ರೋಮನ್ ಲಿಪಿಯ ಕಸ. ‘ಫಾಂಟ್ ಕಳೆದುಹೋಗಿದೆ’ ಎಂದು ಅವರು ನಿಟ್ಟುಸಿರುಬಿಟ್ಟು ಅದನ್ನು ಅಳಿಸಿಬಿಡುತ್ತಾರೆ. ಕಳೆದಿರುವುದು ಫಾಂಟಲ್ಲ, ಸಂಖ್ಯೆಗಳ ಕೀಲಿಕೈ ಎಂದು ತಿಳಿದಿದ್ದರೆ ಆ ಹಸ್ತಪ್ರತಿ ಉಳಿಯುತ್ತಿತ್ತು. ಅಕ್ಷರವೆಂದರೆ ನಾಶವಿಲ್ಲದ್ದೆಂದು ಹೇಳುವ ನಾಡಿನಲ್ಲಿ ಒಂದು ತಲೆಮಾರಿನ ಬರಹವು ಹೆಸರಿನ ತಪ್ಪಿನಿಂದ ನಾಶವಾಗುತ್ತಿದೆ.

೪

ಈ ವಾದಕ್ಕೆ ಬರತಕ್ಕ ಆಕ್ಷೇಪಗಳನ್ನು ವಿಚಾರಿಸೋಣ.

ಮಾತಿನ ಅರ್ಥ ಕಾಲಕಾಲಕ್ಕೆ ಬದಲಾಗುವುದು ಲೋಕಧರ್ಮ, ಅದಕ್ಕೆ ಕೊರಗುವುದೇಕೆ ಎಂಬುದು ಮೊದಲನೆಯದು. ಬದಲಾಗಲಿ, ನಮ್ಮ ತಕರಾರು ಬದಲಾವಣೆಯ ಮೇಲಲ್ಲ. ಒಂದೇ ಕಾಲದಲ್ಲಿ, ಒಂದೇ ಮೇಜಿನ ಮೇಲೆ, ಒಂದು ಮಾತು ಮೂರು ಅರ್ಥಗಳಲ್ಲಿ ಓಡಾಡುವುದರ ಮೇಲೆ. ವೈದ್ಯನ ಚೀಟಿಯಲ್ಲಿ ಒಂದೇ ಹೆಸರು ಮೂರು ಔಷಧಗಳಿಗೆ ಇದ್ದರೆ ಲೋಕಧರ್ಮವೆಂದು ಸುಮ್ಮನಿರುತ್ತೇವೆಯೆ?

ಎರಡನೆಯದು: ಇವೆಲ್ಲ ಇಂಗ್ಲಿಷ್ ಮಾತುಗಳಾಗಿಯೇ ಇರಲಿ, ಕನ್ನಡಿಸಿದರೆ ಇನ್ನಷ್ಟು ಗೊಂದಲವಾದೀತು ಎಂಬುದು. ಇದರಲ್ಲಿ ಸತ್ಯಾಂಶವುಂಟು. ನಾಲಗೆ ತಿರುಗದ ಸಂಸ್ಕೃತ ಸಮಾಸಗಳನ್ನು ಕಟ್ಟಿ ಕೋಶಗಳಲ್ಲಿ ಮೆರೆಸುವುದು ನಮಗೂ ಸಮ್ಮತವಲ್ಲ. ಪಾಯಿಂಟ್ ಪಾಯಿಂಟಾಗಿಯೇ ಇರಲಿ. ಆದರೆ ನಮ್ಮ ಅಚ್ಚುಕೂಟದ ಕೆಲಸಗಾರರು ಪಂಡಿತರ ಅಪ್ಪಣೆಗೆ ಕಾಯದೆ ಮೊಳೆ, ಎರಕ, ಕರಡು, ದಪ್ಪಕ್ಷರ ಎಂಬ ಮಾತುಗಳಿಂದ ಕೆಲಸ ನಡೆಸಿದವರು. ಆ ಮಾರ್ಗದಲ್ಲಿಯೇ ನಾಲ್ಕು ಮಾತುಗಳನ್ನು ಹುಡುಕಿಕೊಳ್ಳುವುದು ಅಸಾಧ್ಯವಲ್ಲ.

ಮೂರನೆಯದು: ಇದು ಕುಶಲಿಗಳ ವಿಷಯ, ಗೃಹಸ್ಥರಿಗೇಕೆ ಎಂಬುದು. ಹಿಂದೆ ಹಾಗಿತ್ತು, ಲೇಖಕನು ಬರೆದು ಕೊಟ್ಟರೆ ಮಿಕ್ಕದ್ದು ಅಚ್ಚುಕೂಟದವರ ಹೊಣೆ. ಈಗ ಲಗ್ನಪತ್ರಿಕೆಯಿಂದ ಮೊದಲುಗೊಂಡು ಮಹಾಪ್ರಬಂಧದವರೆಗೆ ಎಲ್ಲವನ್ನೂ ಮನೆಯಲ್ಲಿಯೇ ಜೋಡಿಸುತ್ತಾರೆ. ಮೊಳೆ ಜೋಡಿಸುವವರ ಕೆಲಸವನ್ನು ನಾವು ತೆಗೆದುಕೊಂಡ ಮೇಲೆ ಅವರಿಗಿದ್ದ ತಿಳಿವಳಿಕೆಯೂ ನಮಗೆ ಇರಬೇಕಾದದ್ದು ನ್ಯಾಯ.

೫

ಹಾಗಾದರೆ ಮಾಡತಕ್ಕದ್ದೇನು? ಮುಖ್ಯವಾದದ್ದು ಮೂರು ವಸ್ತುಗಳಿಗೆ ಮೂರು ಹೆಸರು. ಅಕ್ಷರದ ಆಕಾರಕ್ಕೆ ‘ಅಕ್ಷರರೂಪ’ ಎನ್ನೋಣ. ಆ ಆಕಾರಗಳನ್ನು ಹೊತ್ತ ಕಡತಕ್ಕೆ ಬೇಕಾದರೆ ‘ಫಾಂಟ್’ ಎನ್ನೋಣ. ಯಂತ್ರದೊಳಗಿನ ಸಂಖ್ಯೆಗಳ ಕ್ರಮಕ್ಕೆ ‘ಲಿಪಿಸಂಕೇತ’ ಎನ್ನೋಣ. ‘ಯೂನಿಕೋಡ್ ಫಾಂಟ್’ ಎಂಬ ಮಾತನ್ನು ಬಿಟ್ಟು ‘ಯೂನಿಕೋಡ್ ಲಿಪಿಸಂಕೇತ’ ಎಂದು ಹೇಳುವುದನ್ನು ರೂಢಿಮಾಡಿದರೆ ಅರ್ಧ ಗೊಂದಲ ಅಂದೇ ತೀರುತ್ತದೆ. ಉಳಿದವಕ್ಕೆ ಸಾಲಿನ ಅಂತರ, ಹೊಲಿಗೆಯ ಅಂಚು, ಇಕ್ಕೆಲ ಸಮ, ಒಂಟಿಸಾಲು ಎಂಬ ಸರಳವಾದ ಮಾತುಗಳು ಸಾಕು. ಇವುಗಳಿಗಿಂತ ಒಳ್ಳೆಯವನ್ನು ಬಲ್ಲವರು ಸೂಚಿಸಲಿ, ಸಂತೋಷದಿಂದ ಒಪ್ಪೋಣ. ಒಂದು ಮಾತಿಗೆ ಒಂದೇ ಅರ್ಥವಿರಬೇಕೆಂಬುದಷ್ಟೆ ನಮ್ಮ ಹಟ.

ಪತ್ರಿಕೆಗಳೂ ಸಂಘಗಳೂ ಲೇಖನಗಳನ್ನು ಆಹ್ವಾನಿಸುವಾಗ ‘ಇಂಥ ಫಾಂಟಿನಲ್ಲಿ ಕಳುಹಿಸಿ’ ಎಂದು ಬರೆಯುವುದನ್ನು ನಿಲ್ಲಿಸಲಿ. ‘ಯೂನಿಕೋಡ್ ಲಿಪಿಸಂಕೇತದಲ್ಲಿ ಕಳುಹಿಸಿ, ಅಕ್ಷರರೂಪ ಯಾವುದಾದರೂ ಆಗಬಹುದು’ ಎಂದರೆ ಲೇಖಕರಿಗೂ ಸುಖ, ಸಂಪಾದಕರಿಗೂ ಸುಖ. ಶಾಲೆಗಳಲ್ಲಿ ಗಣಕಯಂತ್ರವನ್ನು ಕಲಿಸುವವರು ಗುಂಡಿಗಳ ಹೆಸರನ್ನು ಗಿಳಿಪಾಠ ಮಾಡಿಸುವುದಕ್ಕೆ ಮೊದಲು ಅಕ್ಷರ, ರೂಪ, ಸಂಕೇತ ಎಂಬ ಈ ಮೂರರ ಭೇದವನ್ನು ಒಂದು ಗಂಟೆ ಹೇಳಿಕೊಡಲಿ. ಮನೆಗಳಲ್ಲಿ ಹಿರಿಯರ ಹಳೆಯ ಕಡತಗಳಿದ್ದರೆ ಅವನ್ನು ಅಳಿಸುವುದು ಬೇಡ. ಯಾವ ತಂತ್ರಾಂಶದಲ್ಲಿ ಬರೆದದ್ದೆಂಬುದನ್ನು ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಂಡು, ಬಲ್ಲವರಿಂದ ಮಾರ್ಪಡಿಸಿ, ಕರಡು ತಿದ್ದಿ, ಕಾಗದದ ಮೇಲೆಯೂ ಒಂದು ಪ್ರತಿಯನ್ನು ಇಟ್ಟುಕೊಳ್ಳುವುದು ಲೇಸು.

ಸೀಸದ ಮೊಳೆಗಳು ಮರಳಿ ಬರಲಾರವು; ಬರಬೇಕೆಂದು ಯಾರೂ ಬಯಸುವುದೂ ಇಲ್ಲ. ಅವುಗಳನ್ನು ಜೋಡಿಸಿದವರು ಒಂದೊಂದು ಮೊಳೆಯನ್ನೂ ಅದರದರ ಖಾನೆಗೆ ತಪ್ಪದೆ ಹಿಂತಿರುಗಿಸುತ್ತಿದ್ದರು. ಇಲ್ಲವಾದರೆ ಮರುದಿನದ ಪುಟ ಕೆಡುತ್ತಿತ್ತು. ಮಾತುಗಳಿಗೂ ಅದೇ ನಿಯಮ. ಅವನ್ನು ಅವುಗಳ ಖಾನೆಯಲ್ಲಿಡುವ ಶಿಸ್ತು ನಮಗಿಲ್ಲವಾದರೆ ಕೆಡುವುದು ನಾಳೆಯವರ ಪುಟ. ಕನ್ನಡ ಬಲ್ಲ ಪ್ರತಿಯೊಂದು ಮನೆಯೂ ಈ ಹೊಣೆಯಲ್ಲಿ ಪಾಲುಗೊಳ್ಳಲೆಂದು ಪ್ರಾರ್ಥಿಸುತ್ತೇವೆ.